ವಾಹನ ದ್ವಿಮುಖ ರೇಡಿಯೋದ ವಿದ್ಯುತ್ ಸ್ವಿಚಿಂಗ್ ಮಂಡಲ

ವಾಹನ ದ್ವಿಮುಖ ರೇಡಿಯೋದ ವಿದ್ಯುತ್ ಸ್ವಿಚಿಂಗ್ ಮಂಡಲವು ವಾಹನದ ಬ್ಯಾಟರಿಯಿಂದ ರೇಡಿಯೋದ ವಿವಿಧ ಭಾಗಗಳಿಗೆ ವಿದ್ಯುತ್ ಯಾವಾಗ ಹರಿಯಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ನಿಯಂತ್ರಿಸುವ ವ್ಯವಸ್ಥೆಯಾಗಿದೆ. ರೇಡಿಯೋವನ್ನು ಆನ್ ಅಥವಾ ಆಫ್ ಮಾಡುವುದು, ಇಗ್ನಿಷನ್ ಕೀಲಿಯ ಸ್ಥಿತಿಯನ್ನು ಗುರುತಿಸುವುದು ಹಾಗೂ ಮಾತನಾಡುವ ಗುಂಡಿ ಒತ್ತಿದಾಗ ಗ್ರಾಹಕದಿಂದ ಪ್ರೇಷಕಕ್ಕೆ ವಿದ್ಯುತ್ತನ್ನು ಬದಲಾಯಿಸುವುದು ಇದರ ಮುಖ್ಯ ಕಾರ್ಯಗಳು. ಕಡಿಮೆ ಪ್ರವಾಹದ ಒಂದು ಸಂಕೇತದಿಂದ ಹೆಚ್ಚಿನ ಪ್ರವಾಹವನ್ನು ನಿಯಂತ್ರಿಸುವುದೇ ಇದರ ಮೂಲತತ್ತ್ವ.

ಬಳಕೆಯ ಹಿನ್ನೆಲೆ

ಕರ್ನಾಟಕದಲ್ಲಿ ಪೊಲೀಸ್, ಅಗ್ನಿಶಾಮಕ ಮತ್ತು ಅರಣ್ಯ ಇಲಾಖೆಗಳ ವಾಹನಗಳಲ್ಲಿ ಇಂತಹ ರೇಡಿಯೋಗಳು ಬಳಕೆಯಲ್ಲಿವೆ. ಜನಸಾಮಾನ್ಯರು ಇವನ್ನು ‘ವೈರ್‌ಲೆಸ್ ಸೆಟ್’ ಎಂದು ಕರೆಯುತ್ತಾರೆ. ಪರವಾನಗಿ ಪಡೆದ ಹವ್ಯಾಸಿ ರೇಡಿಯೋ ಬಳಕೆದಾರರೂ 144ರಿಂದ 146 ಮೆಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಇವುಗಳನ್ನು ಬಳಸುತ್ತಾರೆ. ಈ ಆವೃತ್ತಿಗಳ ಅಲೆಗಳು ಬಹುಮಟ್ಟಿಗೆ ನೇರ ದೃಷ್ಟಿರೇಖೆಯಲ್ಲಿ ಸಾಗುವುದರಿಂದ ಗುಡ್ಡ ಮತ್ತು ಕಾಡುಗಳು ಅವುಗಳನ್ನು ದುರ್ಬಲಗೊಳಿಸುತ್ತವೆ. ಧಾರವಾಡದಿಂದ ಅಳ್ನಾವರದ ಕಡೆಗೆ ಸಾಗುವಾಗ ಸಿಗುವ ಮುಗದದಂತಹ ಮಲೆನಾಡಿನ ಅಂಚಿನ ಊರುಗಳ ಸುತ್ತ, ತಗ್ಗಿನಲ್ಲಿ ನಿಂತ ವಾಹನವು ಸಂಪರ್ಕಕ್ಕಾಗಿ ರೇಡಿಯೋದ ಪೂರ್ಣ ಶಕ್ತಿಯನ್ನು ಬಳಸಬೇಕಾಗಬಹುದು. 25 ವ್ಯಾಟ್ ರೇಡಿಯೋ ಪ್ರಸಾರದ ವೇಳೆ ಬ್ಯಾಟರಿಯಿಂದ ಸಾಮಾನ್ಯವಾಗಿ 5ರಿಂದ 7 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತದೆ. ಕೇವಲ ಆಲಿಸುವಾಗ ಅದು 1 ಆಂಪಿಯರಿಗಿಂತಲೂ ಕಡಿಮೆಯಿರುತ್ತದೆ.

ಬ್ಯಾಟರಿಯಿಂದ ರೇಡಿಯೋಗೆ

ರೇಡಿಯೋದ ದಪ್ಪ ತಂತಿಗಳನ್ನು ಫ್ಯೂಸ್ ಮೂಲಕ ನೇರವಾಗಿ ಬ್ಯಾಟರಿಗೆ ಜೋಡಿಸಲಾಗುತ್ತದೆ. ಫ್ಯೂಸ್ ಬ್ಯಾಟರಿಯ ಸಮೀಪದಲ್ಲಿರಬೇಕು. ಇಲ್ಲವಾದರೆ ಬ್ಯಾಟರಿ ಮತ್ತು ಫ್ಯೂಸ್ ನಡುವಿನ ತಂತಿ ವಾಹನದ ಲೋಹಕ್ಕೆ ತಾಗಿದಾಗ ಅದನ್ನು ರಕ್ಷಿಸುವಂಥದ್ದು ಏನೂ ಇರುವುದಿಲ್ಲ.

ರೇಡಿಯೋದೊಳಗೆ ಧನ ಮತ್ತು ಋಣ ತಂತಿಗಳ ನಡುವೆ ಒಂದು ಡಯೋಡ್ ಇರುತ್ತದೆ. ಸರಿಯಾದ ಜೋಡಣೆಯಲ್ಲಿ ಅದು ಪ್ರವಾಹವನ್ನು ಬಿಡುವುದಿಲ್ಲ. ತಂತಿಗಳನ್ನು ಅದಲುಬದಲಾಗಿ ಜೋಡಿಸಿದರೆ ಡಯೋಡ್ ವಾಹಕವಾಗಿ ಫ್ಯೂಸನ್ನು ಸುಡುತ್ತದೆ. ಇದರಿಂದ ಉಳಿದ ಭಾಗಗಳು ರಕ್ಷಿಸಲ್ಪಡುತ್ತವೆ.

12 ವೋಲ್ಟ್ ವ್ಯವಸ್ಥೆಯ ವಾಹನದಲ್ಲಿ ಎಂಜಿನ್ ಚಾಲನೆಯಲ್ಲಿರುವಾಗ ವೋಲ್ಟೇಜ್ ಸುಮಾರು 14ಕ್ಕೆ ಏರುತ್ತದೆ. ಸ್ಟಾರ್ಟರ್ ತಿರುಗುವಾಗ ಕ್ಷಣಕಾಲ ಬಹಳ ಇಳಿಯುತ್ತದೆ. ಹಲವು ದೊಡ್ಡ ಲಾರಿ ಹಾಗೂ ಬಸ್ಸುಗಳಲ್ಲಿರುವ 24 ವೋಲ್ಟ್ ವ್ಯವಸ್ಥೆಗೆ 12 ವೋಲ್ಟ್ ರೇಡಿಯೋವನ್ನು ಜೋಡಿಸಲು ಪ್ರತ್ಯೇಕ ವೋಲ್ಟೇಜ್ ಪರಿವರ್ತಕ ಅಗತ್ಯ.

ಆನ್ ಮತ್ತು ಆಫ್ ಕ್ರಿಯೆ

ಹಳೆಯ ರೇಡಿಯೋಗಳಲ್ಲಿ ಧ್ವನಿ ನಿಯಂತ್ರಣದ ತಿರುಗುಗುಂಡಿಗೆ ಜೋಡಿಸಿದ ಸ್ವಿಚ್, ನೇರವಾಗಿ ಅಥವಾ ರಿಲೇ ಮೂಲಕ ವಿದ್ಯುತ್ತನ್ನು ಬದಲಾಯಿಸುತ್ತಿತ್ತು. ಇಂದಿನ ರೇಡಿಯೋಗಳಲ್ಲಿ ಈ ಕೆಲಸವನ್ನು ಪಿಎನ್‌ಪಿ ಟ್ರಾನ್ಸಿಸ್ಟರ್ ಅಥವಾ ಪಿ-ಚಾನೆಲ್ ಮಾಸ್‌ಫೆಟ್ ಮಾಡುತ್ತದೆ. ಮಾಸ್‌ಫೆಟ್‌ನ ಸೋರ್ಸ್ ಬ್ಯಾಟರಿಗೂ ಡ್ರೇನ್ ರೇಡಿಯೋದ ಒಳಮಂಡಲಕ್ಕೂ ಸೇರಿರುತ್ತವೆ. ಗೇಟನ್ನು ಒಂದು ರೋಧಕವು ಬ್ಯಾಟರಿಯ ವೋಲ್ಟೇಜಿನಲ್ಲೇ ಇರಿಸುವುದರಿಂದ ಅದು ಸಹಜವಾಗಿ ಆಫ್ ಸ್ಥಿತಿಯಲ್ಲಿರುತ್ತದೆ. ಮತ್ತೊಂದು ಸಣ್ಣ ಟ್ರಾನ್ಸಿಸ್ಟರ್ ಗೇಟನ್ನು ಭೂಸಂಪರ್ಕದ ಕಡೆಗೆ ಎಳೆದಾಗ ಮಾಸ್‌ಫೆಟ್ ಆನ್ ಆಗುತ್ತದೆ.

ಬಳಕೆದಾರ ಗುಂಡಿ ಒತ್ತಿದಾಗ ಈ ಸಣ್ಣ ಟ್ರಾನ್ಸಿಸ್ಟರ್ ಚಾಲೂ ಆಗಿ, ವೋಲ್ಟೇಜ್ ನಿಯಂತ್ರಕಗಳಿಗೆ ಮತ್ತು ಮೈಕ್ರೋಕಂಟ್ರೋಲರಿಗೆ ವಿದ್ಯುತ್ ದೊರೆಯುತ್ತದೆ. ಎಚ್ಚೆತ್ತ ಮೈಕ್ರೋಕಂಟ್ರೋಲರ್ ಅದೇ ಟ್ರಾನ್ಸಿಸ್ಟರನ್ನು ತನ್ನ ಸಂಕೇತದಿಂದ ಹಿಡಿದಿಡುತ್ತದೆ. ಆದ್ದರಿಂದ ಗುಂಡಿಯಿಂದ ಬೆರಳು ತೆಗೆದರೂ ರೇಡಿಯೋ ಆನ್ ಆಗಿಯೇ ಉಳಿಯುತ್ತದೆ. ಆಫ್ ಮಾಡುವಾಗ ಮೈಕ್ರೋಕಂಟ್ರೋಲರ್ ಮೊದಲು ಧ್ವನಿಯನ್ನು ಅಡಗಿಸಿ, ಚಾನೆಲ್ ಮುಂತಾದ ವಿವರಗಳನ್ನು ಸ್ಮೃತಿಯಲ್ಲಿ ಉಳಿಸಿ, ಕೊನೆಗೆ ತನ್ನ ಹಿಡಿತವನ್ನು ಬಿಡುತ್ತದೆ.

ಹಲವು ವಿನ್ಯಾಸಗಳಲ್ಲಿ ಅಂತಿಮ ಶಕ್ತಿ ವರ್ಧಕವು ಈ ಸ್ವಿಚ್ಚಿನ ಹಿಡಿತಕ್ಕೆ ಒಳಪಡದೆ ಸದಾ ಬ್ಯಾಟರಿಗೆ ಸೇರಿಯೇ ಇರುತ್ತದೆ. ಅದರ ಬಯಾಸ್ ವೋಲ್ಟೇಜನ್ನು ತೆಗೆದರೆ ವರ್ಧಕ ನಿಷ್ಕ್ರಿಯವಾಗುತ್ತದೆ. ಹೀಗಾಗಿ ಮುಖ್ಯ ಸ್ವಿಚ್ ಪ್ರಸಾರದ ದೊಡ್ಡ ಪ್ರವಾಹವನ್ನು ಹೊರಬೇಕಾಗಿಲ್ಲ. ಆಫ್ ಆಗಿರುವ ರೇಡಿಯೋದೊಳಗೂ ಬ್ಯಾಟರಿಯ ವೋಲ್ಟೇಜ್ ಇರಬಹುದಾದ್ದರಿಂದ, ದುರಸ್ತಿಗೆ ಮುನ್ನ ತಂತಿಯನ್ನೇ ಬಿಡಿಸಬೇಕು.

ಇಗ್ನಿಷನ್ ಸಂಪರ್ಕ

ರೇಡಿಯೋಗೆ ಇಗ್ನಿಷನ್ ಸ್ಥಿತಿಯನ್ನು ತಿಳಿಸಲು ಪ್ರತ್ಯೇಕವಾದ ತೆಳು ತಂತಿಯಿರುತ್ತದೆ. ಇದು ಸಂಕೇತವನ್ನಷ್ಟೇ ಒಯ್ಯುತ್ತದೆ. ಗುಂಡಿ, ಇಗ್ನಿಷನ್ ಮತ್ತು ತುರ್ತು ಸ್ವಿಚ್‌ಗಳ ಸಂಕೇತಗಳನ್ನು ಡಯೋಡ್‌ಗಳ ಮೂಲಕ ಒಂದುಗೂಡಿಸಿ, ಯಾವುದಾದರೊಂದರಿಂದ ರೇಡಿಯೋ ಆನ್ ಆಗುವಂತೆ ಮಾಡಬಹುದು.

ಈ ತಂತಿಯ ಜೋಡಣೆ ಮಹತ್ವದ ಆಯ್ಕೆಯಾಗಿದೆ. ಇಗ್ನಿಷನ್ ಇದ್ದಾಗ ಮಾತ್ರ ರೇಡಿಯೋ ನಡೆಯುವಂತಿದ್ದರೆ, ಎಂಜಿನ್ ನಿಲ್ಲಿಸಿ ಕೀಲಿ ತೆಗೆದು ಕಾವಲಿರುವ ಸಿಬ್ಬಂದಿಗೆ ಕರೆ ಕೇಳಿಸದು. ಸದಾ ಬ್ಯಾಟರಿಯಿಂದ ನಡೆಯುವಂತಿದ್ದರೆ, ಮರೆತು ಬಿಟ್ಟ ರೇಡಿಯೋ ಬ್ಯಾಟರಿಯನ್ನು ಬರಿದು ಮಾಡುತ್ತದೆ. ಉದಾಹರಣೆಗೆ, ಆಲಿಸುವ ಸ್ಥಿತಿಯಲ್ಲಿ 0.4 ಆಂಪಿಯರ್ ಬಳಸುವ ರೇಡಿಯೋ 60 ಗಂಟೆಗಳಲ್ಲಿ 24 ಆಂಪಿಯರ್-ಗಂಟೆ ವ್ಯಯಿಸುತ್ತದೆ. ಹಳೆಯ ಬ್ಯಾಟರಿಯಲ್ಲಿ ಎಂಜಿನ್ ಚಾಲೂ ಮಾಡುವಷ್ಟು ಶಕ್ತಿ ಆಮೇಲೆ ಉಳಿಯದಿರಬಹುದು. ಆಗ ವಾಹನ ಹೊರಡುವುದಿಲ್ಲ. ಸಹಾಯ ಕೇಳಬೇಕಾದ ರೇಡಿಯೋವೂ ಮೌನವಾಗುತ್ತದೆ. ಇದಕ್ಕೆ ಪರಿಹಾರವಾಗಿ ಕೆಲವು ರೇಡಿಯೋಗಳಲ್ಲಿ, ಕೀಲಿ ತೆಗೆದ ಬಳಿಕ ನಿಗದಿತ ಅವಧಿಯವರೆಗೆ ನಡೆದು ತಾನಾಗಿಯೇ ಆಫ್ ಆಗುವ ಟೈಮರ್ ಇರುತ್ತದೆ.

ಪ್ರೇಷಕ ಮತ್ತು ಗ್ರಾಹಕಗಳ ಬದಲಾವಣೆ

ಮೈಕಿನ ಗುಂಡಿ ಒತ್ತಿದಾಗ ಮೈಕ್ರೋಕಂಟ್ರೋಲರ್ ನಿರ್ದಿಷ್ಟ ಕ್ರಮವನ್ನು ಅನುಸರಿಸುತ್ತದೆ. ಮೊದಲು ಗ್ರಾಹಕದ ವಿದ್ಯುತ್ ನಿಲ್ಲುತ್ತದೆ. ನಂತರ ಆಂಟೆನಾ ಪಿನ್ ಡಯೋಡ್‌ಗಳ ಅಥವಾ ರಿಲೇಯ ಮೂಲಕ ಪ್ರೇಷಕಕ್ಕೆ ಸೇರುತ್ತದೆ. ಕೊನೆಗೆ ಶಕ್ತಿ ವರ್ಧಕಕ್ಕೆ ಬಯಾಸ್ ದೊರೆಯುತ್ತದೆ. ಆಂಟೆನಾ ಸೇರುವ ಮೊದಲೇ ವರ್ಧಕ ಚಾಲೂ ಆದರೆ ಅದರ ಶಕ್ತಿ ಗ್ರಾಹಕದ ಸೂಕ್ಷ್ಮ ಭಾಗಗಳತ್ತ ನುಗ್ಗಿ ಹಾನಿಯುಂಟುಮಾಡಬಹುದು. ಗುಂಡಿ ಬಿಟ್ಟಾಗ ಇದೇ ಕ್ರಮ ತಿರುಗುಮುರುಗಾಗಿ ನಡೆಯುತ್ತದೆ.

ಸಾಮಾನ್ಯ ದೋಷಗಳು

ಆಲಿಸುವಾಗ ಸರಿಯಾಗಿದ್ದು, ಮಾತನಾಡುವ ಗುಂಡಿ ಒತ್ತಿದೊಡನೆ ರೇಡಿಯೋ ಆಫ್ ಆಗುವುದು ಸಾಮಾನ್ಯ ದೋಷಗಳಲ್ಲಿ ಒಂದು. ತುಕ್ಕು ಹಿಡಿದ ಭೂಸಂಪರ್ಕ, ಸಡಿಲ ಫ್ಯೂಸ್ ಹಿಡಿಕೆ ಅಥವಾ ತೆಳುವಾದ ತಂತಿ ಇದಕ್ಕೆ ಕಾರಣವಾಗಿರಬಹುದು. ಸಂಪರ್ಕದಲ್ಲಿ 0.5 ಓಮ್ ರೋಧವಿದ್ದರೆ 0.4 ಆಂಪಿಯರ್ ಪ್ರವಾಹಕ್ಕೆ 0.2 ವೋಲ್ಟ್ ಮಾತ್ರ ಕುಸಿಯುತ್ತದೆ. 6 ಆಂಪಿಯರಿಗೆ ಕುಸಿತ 3 ವೋಲ್ಟ್ ಆಗುತ್ತದೆ. ಆದ್ದರಿಂದ ವೋಲ್ಟೇಜನ್ನು ರೇಡಿಯೋದ ತುದಿಯಲ್ಲಿ, ಪ್ರಸಾರ ನಡೆಯುತ್ತಿರುವಾಗಲೇ ಅಳೆಯಬೇಕು.