ಬಾವಿ ಅಳೆದು ಕಬ್ಬು ಹಚ್ಚಿರಿ



ನಾಟಿಯ ಹಂಗಾಮು ಸಮೀಪಿಸಿದಾಗ, "ಈ ಸಲ ಎಷ್ಟು ಎಕರೆ ಕಬ್ಬು ಹಚ್ಚಲಿ?" ಎಂದು ನೀವು ಕೇಳುತ್ತೀರಿ. ಕಾರ್ಖಾನೆಗೆ ಕಬ್ಬು ಬೇಕು ನಿಜ. ಆದರೂ ನಾನು ಮೊದಲು ಕೇಳುವುದು, "ನಿಮ್ಮ ಬಾವಿಯಲ್ಲಿ ನೀರು ಎಷ್ಟು ಅಡಿಗಿದೆ?" ಎಂದು. "ಹೋದ ವರ್ಷದಷ್ಟೇ ಇದೆ, ಸಾಹೇಬರೇ" ಎಂಬ ಉತ್ತರ ಬರುತ್ತದೆ. ಇದು ಅಂದಾಜು, ಅಳತೆಯಲ್ಲ. ಅಂದಾಜಿನ ಮೇಲೆ ಹಚ್ಚಿದ ಕಬ್ಬು ಮೇ ತಿಂಗಳಲ್ಲಿ ನಿಂತಲ್ಲೇ ಒಣಗುವುದನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಅಂಥ ಹೊಲದ ಬದುವಿನ ಮೇಲೆ ನಿಂತಾಗ ಹೇಳಲು ನನ್ನಲ್ಲಿ ಯಾವ ಸಲಹೆಯೂ ಉಳಿದಿರುವುದಿಲ್ಲ. ಆದ್ದರಿಂದ ಈ ಮಾತನ್ನು ಮುಂಚಿತವಾಗಿ ಬರೆಯುತ್ತಿದ್ದೇನೆ.

ನೆಲದೊಳಗಿನ ಜಮಾ-ಖರ್ಚು

ದೌಲತಾಬಾದ್, ತಾಂಡೂರು, ಝಹೀರಾಬಾದ್, ನಾರಾಯಣಖೇಡ ಭಾಗದಲ್ಲಿ ಮಣ್ಣಿನ ಕೆಳಗೆ ಬಹುಮಟ್ಟಿಗೆ ಕಲ್ಲೇ ಇದೆ. ನೀರು ನಿಲ್ಲುವುದು ಮೇಲಿನ ಸಡಿಲ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ. ಇಂಥ ನೆಲದಲ್ಲಿ ಮಳೆಯ ಹತ್ತನೇ ಒಂದು ಪಾಲು ಇಂಗುತ್ತದೆಂದು ಲೆಕ್ಕ ಹಿಡಿಯಬಹುದು. 800 ಮಿ.ಮೀ. ಮಳೆಯಾದರೆ ಜಮಾ 80 ಮಿ.ಮೀ.

ಇನ್ನು ಖರ್ಚು. ಕಬ್ಬಿಗೆ 1,500ರಿಂದ 2,500 ಮಿ.ಮೀ. ನೀರು ಬೇಕು. ನಡುವಿನ 2,000 ಹಿಡಿಯೋಣ. ಮಳೆಯಿಂದ ಬೆಳೆಗೆ ನೇರವಾಗಿ 500 ಸಿಕ್ಕರೆ, ಉಳಿದ 1,500 ಮಿ.ಮೀ. ಬಾವಿಯಿಂದಲೇ ಬರಬೇಕು. ಹಾಯಿಸಿದ್ದರಲ್ಲಿ ಕಾಲು ಭಾಗ ಮರಳಿ ಇಂಗಿತೆಂದು ಬಿಟ್ಟರೂ, ಒಂದು ಎಕರೆ ಕಬ್ಬು ಸುಮಾರು 14 ಎಕರೆ ನೆಲದ ಒಂದು ವರ್ಷದ ಜಮೆಯನ್ನು ಕುಡಿಯುತ್ತದೆ. ಆ 14 ಎಕರೆಯೆಲ್ಲ ನಿಮ್ಮದೇ ಏನು? ಅದರಲ್ಲಿ ನೆರೆಯವರ ತೊಗರಿ ಹೊಲವೂ ಉಂಟು, ಊರಿನ ಕುಡಿಯುವ ನೀರಿನ ಬಾವಿಯೂ ಉಂಟು. ಬೋರನ್ನು ಇನ್ನೂ ಆಳಕ್ಕೆ ಇಳಿಸಿದರೆ ಹೊಸ ನೀರು ಹುಟ್ಟುವುದಿಲ್ಲ. ಎಷ್ಟೋ ಕಡೆ ಪಕ್ಕದ ಬಾವಿಯ ನೀರೇ ಇತ್ತ ಸರಿಯುತ್ತದೆ.

ರೈತರೇ ಅಳೆದ ಉದಾಹರಣೆ

2002ರ ಕಾಯಿದೆ ಬಾವಿಗಳ ನೋಂದಣಿಯನ್ನೂ ಹೊಸ ಬಾವಿಗೆ ಅನುಮತಿಯನ್ನೂ ವಿಧಿಸಿತು. ಆದರೆ ಕಾಯಿದೆಯೊಂದರಿಂದಲೇ ನೀರು ಉಳಿಯದು. ಅದೇ ಕಾಲಕ್ಕೆ ಅಂದಿನ ಆಂಧ್ರಪ್ರದೇಶದ ಏಳು ಜಿಲ್ಲೆಗಳಲ್ಲಿ ರೈತರೇ ಅಂತರ್ಜಲ ನೋಡಿಕೊಳ್ಳುವ ಯೋಜನೆಯೊಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ನಡೆಯಿತು. ಅವುಗಳಲ್ಲಿ ಮಹಬೂಬನಗರವೂ ಒಂದು. ಈಗ ವಿಕಾರಾಬಾದ್ ಜಿಲ್ಲೆಯಲ್ಲಿರುವ ದೌಲತಾಬಾದ್ ಮಂಡಲ 2016ರವರೆಗೆ ಆ ಜಿಲ್ಲೆಗೇ ಸೇರಿತ್ತು.

ಅಲ್ಲಿ ಯಾರೂ ಯಾರ ಬೆಳೆಯನ್ನೂ ನಿಷೇಧಿಸಲಿಲ್ಲ. ರೈತ ಸ್ತ್ರೀ-ಪುರುಷರು ಮಳೆ ಅಳೆದರು, ಹದಿನೈದು ದಿನಕ್ಕೊಮ್ಮೆ ಬಾವಿಯ ಮಟ್ಟ ಅಳೆದರು, ಹಿಂಗಾರಿಗೆ ಮೊದಲು ಸಭೆ ಕೂಡಿ ಇದ್ದ ನೀರು ಎಷ್ಟು, ಬೇಕಾದ ನೀರು ಎಷ್ಟು ಎಂದು ಎಲ್ಲರೆದುರು ತಾಳೆ ನೋಡಿದರು. ಬಳಿಕ ಯಾವ ಬೆಳೆ, ಎಷ್ಟು ಎಕರೆ ಎಂಬುದನ್ನು ತಾವೇ ನಿರ್ಧರಿಸಿದರು. ಹಲವರು ಕಡಿಮೆ ನೀರಿನ ಬೆಳೆಗೆ ತಿರುಗಿದರು.

ನೀವು ಮಾಡತಕ್ಕದ್ದು

1. ತೆರೆದ ಬಾವಿಯಾದರೆ, ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿರಿ. ಪಂಪು ನಿಲ್ಲಿಸಿ ರಾತ್ರಿ ಕಳೆದ ಮೇಲೆ, ತಿಂಗಳ 1 ಮತ್ತು 15ರಂದು ಅಳೆದು ತಾರೀಖಿನೊಡನೆ ಬರೆದಿಡಿರಿ.

2. ಬೋರಾದರೆ, 200 ಲೀಟರಿನ ಪೀಪಾಯಿ ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿರಿ. 80 ಸೆಕೆಂಡಾದರೆ ಗಂಟೆಗೆ 9,000 ಲೀಟರು. ಎಕರೆಗೆ ಒಂದು ಮಿ.ಮೀ. ಎಂದರೆ ಸುಮಾರು 4,000 ಲೀಟರು. ಬಿರುಬೇಸಿಗೆಯಲ್ಲಿ ಕಬ್ಬಿಗೆ ದಿನಕ್ಕೆ 7–8 ಮಿ.ಮೀ., ಅಂದರೆ 30,000 ಲೀಟರು ಬೇಕು. ಎಕರೆಗೆ ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷ ಪಂಪು ಓಡಬೇಕು. ಪೀಪಾಯಿ ತುಂಬಲು 160 ಸೆಕೆಂಡು ಹಿಡಿದರೆ ಸುಮಾರು ಆರು ಗಂಟೆ ನಲವತ್ತು ನಿಮಿಷ!

3. ಅಕ್ಟೋಬರದ ಅಳತೆಯನ್ನಷ್ಟೇ ನಂಬಬೇಡಿರಿ. ಹಿಂದಿನ ಮೇ ತಿಂಗಳ ಅಳತೆಯೊಡನೆ ಹೋಲಿಸಿರಿ. ಮೇ ತಿಂಗಳಲ್ಲಿ ಎಷ್ಟು ಎಕರೆಗೆ ನೀರು ಪೂರೈಸೀತೋ ಅಷ್ಟೇ ಎಕರೆ ಹಚ್ಚಿರಿ.

4. ರವದಿಯನ್ನು ಸುಡದೆ ಸಾಲಿನಲ್ಲಿ ಹೊದಿಸಿರಿ. ಹನಿ ನೀರಾವರಿ ಮಾಡಿರಿ. ಆದರೆ ಒಂದು ಎಚ್ಚರಿಕೆ: ಹನಿಯಿಂದ ಉಳಿದ ನೀರಿಗೆ ಇನ್ನೊಂದು ಎಕರೆ ಕಬ್ಬು ಹಚ್ಚಿದರೆ ಬಾವಿಗೆ ಉಳಿತಾಯವೇನೂ ಇಲ್ಲ.

ನಿರ್ಧಾರ ನಿಮ್ಮದು

ನೀರು ಎಷ್ಟಿದೆ, ಯಾವ ಬೆಳೆ ಎಷ್ಟು ಕುಡಿಯುತ್ತದೆ ಎಂಬುದನ್ನು ವಿಜ್ಞಾನ ಹೇಳೀತು. ಆ ನೀರು ಯಾರಿಗೆ ಎಷ್ಟು ಎಂಬುದನ್ನು ಹೇಳಬೇಕಾದವರು ಊರವರು. ಲೆಕ್ಕವಿಲ್ಲದ ಸಭೆಯಲ್ಲಿ ಜೋರು ದನಿಯವನ ಮಾತೇ ನಡೆಯುತ್ತದೆ. ಲೆಕ್ಕ ಮುಂದಿದ್ದರೆ ಎರಡೆಕರೆಯವನ ಮಾತಿಗೂ ತೂಕ ಬರುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಹಾಸಿಗೆ ಎಷ್ಟುದ್ದ ಎಂದು ಮೊದಲು ಅಳೆಯಬೇಕಲ್ಲವೇ? ನಾಲ್ಕೆಕರೆ ಹಚ್ಚಿ ಎರಡೆಕರೆ ಒಣಗಿಸುವುದಕ್ಕಿಂತ, ಎರಡೆಕರೆಯನ್ನೇ ಹಚ್ಚಿ ಕಾರ್ಖಾನೆಗೆ ತುಂಬು ತೂಕದ ಕಬ್ಬು ಕಳಿಸುವುದು ನಿಮಗೂ ಲೇಸು, ಕಾರ್ಖಾನೆಗೂ ಲೇಸು. ಮುಂದಿನ ಸಲ ನಾನು ಬಂದಾಗ ನಿಮ್ಮ ಬಾವಿಯ ಅಳತೆ ಪುಸ್ತಕವನ್ನು ತೋರಿಸಿರಿ.

— ಕಬ್ಬು ಅಭಿವೃದ್ಧಿ ಅಧಿಕಾರಿ