ಹೊಳಪಿನ ಅರಿಶಿನಕ್ಕೆ ಸೀಸ ಬೆರೆತ ಬಗೆ

ಬಾಂಗ್ಲಾದೇಶದ ಹಳ್ಳಿಗಾಡಿನಲ್ಲಿ 430 ಗರ್ಭಿಣಿಯರ ರಕ್ತ ಪರೀಕ್ಷೆ ನಡೆದಾಗ ಶೇ 31ರಷ್ಟು ಮಂದಿಯಲ್ಲಿ ಸೀಸದ ಪ್ರಮಾಣ ಹೆಚ್ಚಿರುವುದು ಗೊತ್ತಾಯಿತು. ಅದಕ್ಕೆ ಕಣ್ಣಿಗೆ ಕಾಣುವ ಕಾರಣ ಯಾವುದೂ ಇರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆನ್ನಾ ಫೋರ್ಸೈತ್ ಮತ್ತು ಢಾಕಾದ ಅಂತರರಾಷ್ಟ್ರೀಯ ಅತಿಸಾರ ರೋಗ ಸಂಶೋಧನಾ ಕೇಂದ್ರದ ತಂಡದವರು ಅಕ್ಕಿ, ಕೀಟನಾಶಕ, ಬೆಸುಗೆ ಹಾಕಿದ ಡಬ್ಬಿ ಎಲ್ಲವನ್ನೂ ಜಾಲಾಡಿದರು. ಸೀಸದ ಐಸೊಟೋಪ್‌ಗಳ ಅನುಪಾತ ಅದಿರಿನ ಮೂಲಕ್ಕೆ ತಕ್ಕಂತೆ ಬೇರೆಬೇರೆಯಾಗಿರುತ್ತದೆ. ಆ ಅನುಪಾತವನ್ನು ತಾಳೆ ನೋಡಿದಾಗ ತಾಯಂದಿರ ರಕ್ತದ ಸೀಸ ಅವರ ಅಡುಗೆಮನೆಯ ಅರಿಶಿನದತ್ತ ಬೊಟ್ಟು ಮಾಡಿತು.

ಅರಿಶಿನದ ಕೊಂಬನ್ನು ಬೇಯಿಸಿ, ಬಿಸಿಲಿಗೆ ಒಣಗಿಸಿ, ತಿರುಗುವ ಡ್ರಮ್ಮಿಗೆ ಹಾಕಿ ಸಿಪ್ಪೆ ತೆಗೆಯುತ್ತಾರೆ. ಚಾಮರಾಜನಗರದ ರೈತರಿಗೆ ಈ ಕೆಲಸ ಹೊಸದಲ್ಲ. ಬಾಂಗ್ಲಾದಲ್ಲಿ ತಪ್ಪಿದ್ದು ಈ ಡ್ರಮ್ಮಿನ ಹಂತದಲ್ಲೇ. 1980ರ ದಶಕದ ದೊಡ್ಡ ನೆರೆಗೆ ಸಿಕ್ಕಿ ನೆನೆದ ಬೆಳೆ ಮಂಕಾಯಿತು, ಮಂಕು ಕೊಂಬನ್ನು ಕೇಳುವವರಿಲ್ಲ. ಪಾಲಿಶ್ ಮಾಡುವಾಗ ಒಂದಿಷ್ಟು ಹಳದಿ ಪುಡಿ ಉದುರಿಸಿದರೆ ಹಳೆಯ ಮಾಲೂ ಹೊಸದರಂತೆ ಕಂಗೊಳಿಸುತ್ತದೆ ಎಂಬುದನ್ನು ವ್ಯಾಪಾರ ಬೇಗ ಕಲಿತುಕೊಂಡಿತು. ಆ ಪುಡಿಯೇ ಲೆಡ್ ಕ್ರೋಮೇಟ್. ಪೇಂಟು, ಪ್ಲಾಸ್ಟಿಕ್ಕಿಗೆ ಬಳಸುವ ಬಣ್ಣ. ನೆರೆ ಇಳಿದು ಹೋಯಿತು, ರೂಢಿ ಮಾತ್ರ ಉಳಿಯಿತು. ಅದರ ಅಪಾಯ ಮಿಲ್ಲಿನ ಅನೇಕ ಕೆಲಸಗಾರರಿಗೂ ತಿಳಿದಿರಲಿಲ್ಲ. ಆ ದೂಳನ್ನು ಮೊದಲು ಉಸಿರಾಡಿದವರು ಅವರೇ. ಹೊಳಪಿಗೆ ಹೆಚ್ಚು ಬೆಲೆ ಕಟ್ಟುವ ಮಾರುಕಟ್ಟೆಯೇ ಇದರ ನಿಜವಾದ ಹೊಣೆಗಾರ ಎಂಬುದು ನನ್ನ ಅಭಿಪ್ರಾಯ.

ಸೀಸ ದೇಹದೊಳಗೆ ಕ್ಯಾಲ್ಸಿಯಂನ ವೇಷ ಹಾಕುತ್ತದೆ. ಮೂಳೆಯಲ್ಲಿ ವರ್ಷಗಟ್ಟಲೆ ಕೂತು, ಬಸುರಿನಲ್ಲಿ ಮೂಳೆಯ ಕ್ಯಾಲ್ಸಿಯಂ ಕರಗುವಾಗ ಅದರ ಜೊತೆ ರಕ್ತಕ್ಕಿಳಿದು, ಹೊಕ್ಕಳಬಳ್ಳಿಯ ಮೂಲಕ ಮಗುವಿನ ಮಿದುಳು ಸೇರುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಎಳೆಯ ಮಕ್ಕಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲರು. ಬುದ್ಧಿಶಕ್ತಿ ಕುಗ್ಗುತ್ತದೆ, ಏಕಾಗ್ರತೆ ನಿಲ್ಲುವುದಿಲ್ಲ, ಆದ ನಷ್ಟ ಮರಳಿ ತುಂಬುವುದಿಲ್ಲ. ದೊಡ್ಡವರಲ್ಲಿ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ. ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಬಾಂಗ್ಲಾದ ಅಧ್ಯಯನ ಪ್ರಕಟವಾದದ್ದು 2019ರಲ್ಲಿ. ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ ಕೈಕಟ್ಟಿ ಕೂರಲಿಲ್ಲ. ಪತ್ರಿಕೆಗಳಲ್ಲಿ ಎಚ್ಚರಿಕೆ ಬಂತು, ಮಾರುಕಟ್ಟೆಗಳಲ್ಲಿ ಕರಪತ್ರ ಹಂಚಿದರು. ಢಾಕಾದ ಶ್ಯಾಮ್‌ಬಜಾರ್ ಸಗಟು ಪೇಟೆಗೆ ಅಧಿಕಾರಿಗಳು ಎಕ್ಸ್-ರೇ ತಪಾಸಣಾ ಯಂತ್ರ ಹಿಡಿದು ನುಗ್ಗಿ, ಕೊಂಬುಗಳನ್ನು ಸ್ಥಳದಲ್ಲೇ ಪರೀಕ್ಷಿಸಿ, ಇಬ್ಬರು ವ್ಯಾಪಾರಿಗಳಿಗೆ ಒಟ್ಟು 8 ಲಕ್ಷ ಟಾಕಾ ದಂಡ ಹಾಕಿದರು. ಮಾರುಕಟ್ಟೆಯಲ್ಲಿ ಸೀಸ ಸಿಗುತ್ತಿದ್ದ ಅರಿಶಿನದ ಮಾದರಿಗಳ ಪ್ರಮಾಣ 2019ರಲ್ಲಿ ಶೇ 47 ಇದ್ದದ್ದು 2021ರ ಹೊತ್ತಿಗೆ ಸೊನ್ನೆಗೆ ಇಳಿಯಿತು. ಮಿಲ್ ಕೆಲಸಗಾರರ ರಕ್ತದ ಸೀಸವೂ ಸುಮಾರು ಮೂರನೇ ಒಂದು ಭಾಗ ತಗ್ಗಿತು. ಸರ್ಕಾರ ಮನಸ್ಸು ಮಾಡಿದರೆ ದಶಕಗಳ ಪಿಡುಗೂ ಎರಡೇ ವರ್ಷದಲ್ಲಿ ತೊಲಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ನಮ್ಮಲ್ಲೂ ಕಾನೂನಿದೆ. ಅರಿಶಿನದಲ್ಲಿ ಲೆಡ್ ಕ್ರೋಮೇಟ್ ಲವಲೇಶವೂ ಇರಕೂಡದು. ಆದರೂ 2024ರಲ್ಲಿ ಪ್ರಕಟವಾದ, ಭಾರತ, ಪಾಕಿಸ್ತಾನ, ಶ್ರೀಲಂಕಾ, ನೇಪಾಳದ ನಗರಗಳ ಅಧ್ಯಯನದಲ್ಲಿ ಪಟ್ನಾದ ಅರಿಶಿನದಲ್ಲಿ ಪ್ರತಿ ಗ್ರಾಂಗೆ 1,000 ಮೈಕ್ರೊಗ್ರಾಂ ಮೀರಿದ ಸೀಸ ಸಿಕ್ಕಿತು. ಪಾಲಿಶ್ ಮಾಡಿದ ಕೊಂಬು, ಬಿಡಿ ಪುಡಿಗಳಲ್ಲಿ ಅಪಾಯ ಹೆಚ್ಚು.

ಅಂಗಡಿಯಲ್ಲಿ ಕಣ್ಣು ಕುಕ್ಕುವಂತೆ ಹಳದಿಯಾಗಿರುವ ನುಣುಪು ಕೊಂಬನ್ನು ಬಿಡಿ, ಒರಟಾದ ಮಾಸಲು ಕೊಂಬನ್ನು ಕೇಳಿ ಪಡೆಯಿರಿ. ಒಂದು ಕೊಂಬನ್ನು ಗಾಜಿನ ಲೋಟದ ನೀರಿಗೆ ಹಾಕಿ; ತಕ್ಷಣ ಬಣ್ಣ ಬಿಟ್ಟರೆ ಅಡುಗೆಗೆ ಬಳಸಬೇಡಿ. ಬಿಡದಿದ್ದರೂ ಸೀಸ ಇಲ್ಲವೆಂಬ ಖಾತರಿ ಪ್ರಯೋಗಾಲಯವಷ್ಟೇ ಕೊಡಬಲ್ಲದು. ಅನುಮಾನ ಬಂದರೆ ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.