ನಾಟಕ ಮುಗಿದ ಮೇಲಿನ ಕೆಲಸ

ರಂಗಶಿಕ್ಷಣ ಮುಗಿಸಿ ಬಂದ ಹುಡುಗ ಹುಡುಗಿಯರಿಗೆ ಮನಸ್ಸಿನ ಆರೋಗ್ಯದ ಬಗ್ಗೆ ಬೀದಿನಾಟಕ ಕಟ್ಟಿ ಎಂದರೆ, ಬಹುತೇಕ ತಂಡಗಳು ರೈತನ ಸಾವಿನಲ್ಲಿ ಮುಗಿಯುವ ಕಥೆಯನ್ನೇ ತರುತ್ತವೆ. ಬತ್ತಿದ ಬೋರ್‌ವೆಲ್, ಸಾಲ, ಮಗಳ ಮದುವೆ. ತಮಟೆ ಜೋರಾಗುತ್ತ ಹೋಗಿ ಕೊನೆಗೆ ಆತ್ಮಹತ್ಯೆ. ನಟನೆ ಚೆನ್ನಾಗಿಯೇ ಇರುತ್ತದೆ, ನೋಡಿದವರು ಕಣ್ಣೊರೆಸಿಕೊಳ್ಳುತ್ತಾರೆ. ನಾನು ಆ ದೃಶ್ಯವನ್ನು ತೆಗೆಸುತ್ತೇನೆ.

‘ಮೇಡಂ, ಅದನ್ನ ತೆಗೆದ್ರೆ ನಾಟಕದಾಗ ಏನುಳೀತದ್ರೀ?’ ಎಂದು ಕಳೆದ ತಂಡದ ಹುಡುಗನೊಬ್ಬ ಕೇಳಿದ. ಅವನ ಬೇಸರ ನನಗೆ ಅರ್ಥವಾಗುತ್ತಿತ್ತು. ಸಾವನ್ನು ಅಭಿನಯಿಸುವುದು ನಟನಿಗೆ ದೊಡ್ಡ ಅವಕಾಶ. ಆದರೆ ವೃತ್ತಾಕಾರವಾಗಿ ನಿಂತ ಜನರ ನಡುವೆ ಅದೇ ಯೋಚನೆಯಲ್ಲಿ ದಿನ ನೂಕುತ್ತಿರುವವನೂ ನಿಂತಿರಬಹುದು. ಅವನಿಗೆ ನಾವು ತೋರಿಸಿದ್ದು ಒಂದೇ ದಾರಿ ಎಂದಾಗುತ್ತದೆ.

ಇದು ಬರೀ ನನ್ನ ಅಳುಕಲ್ಲ. ವಿಯೆನ್ನಾ ನಗರದ ಮೆಟ್ರೊ ರೈಲುಗಳಲ್ಲಿ 1980ರ ದಶಕದಲ್ಲಿ ಆತ್ಮಹತ್ಯೆಗಳು ಹೆಚ್ಚಾಗಿದ್ದವು, ಪತ್ರಿಕೆಗಳು ಒಂದೊಂದನ್ನೂ ಬಣ್ಣಿಸಿ ಬರೆಯುತ್ತಿದ್ದವು. 1987ರಲ್ಲಿ ಅಲ್ಲಿನ ತಜ್ಞರು ಹೇಗೆ ಬರೆಯಬೇಕು, ಏನನ್ನು ಬಿಡಬೇಕು ಎಂದು ಸೂಚನೆಗಳನ್ನು ಸಿದ್ಧಪಡಿಸಿದರು. ಪತ್ರಿಕೆಗಳು ಒಪ್ಪಿಕೊಂಡವು. ಕೆಲವೇ ತಿಂಗಳಲ್ಲಿ ಆ ಸಾವುಗಳು ಬಹಳಷ್ಟು ಇಳಿದವು. ವಿಶ್ವ ಆರೋಗ್ಯ ಸಂಸ್ಥೆ ಈಗ ಮಾಧ್ಯಮದವರಿಗೂ ಸಿನಿಮಾ, ನಾಟಕ ಮಾಡುವವರಿಗೂ ಹೇಳುವುದು ಇದನ್ನೇ: ವಿಧಾನ ತೋರಿಸಬೇಡಿ, ಒಂದೇ ಕಾರಣಕ್ಕೆ ಗಂಟು ಹಾಕಬೇಡಿ, ಸಾವನ್ನು ತ್ಯಾಗವೆಂಬಂತೆ ಮೆರೆಸಬೇಡಿ, ನೆರವು ಎಲ್ಲಿ ಸಿಗುತ್ತದೆಂದು ತಿಳಿಸಿ. ಕಷ್ಟದಲ್ಲಿ ಬಿದ್ದು ಅದರಿಂದ ಹೊರಬಂದವರ ಕಥೆ ಜನರನ್ನು ಕಾಯಬಲ್ಲದು ಎಂಬುದಕ್ಕೂ ವಿಯೆನ್ನಾದ ಸಂಶೋಧಕರೇ 2010ರಲ್ಲಿ ಆಧಾರ ಕೊಟ್ಟಿದ್ದಾರೆ.

ಹಾಗಾಗಿ ನಮ್ಮ ನಾಟಕ ಸಾವಿಗೆ ಬಹಳ ಮುಂಚೆಯೇ, ರೈತ ಯಾರೊಂದಿಗೂ ಮಾತಾಡದೆ ಜಗಲಿಯ ಮೇಲೆ ಕೂತಲ್ಲಿಗೇ ನಿಲ್ಲುತ್ತದೆ. ಸೂತ್ರಧಾರ ಜನರ ಕಡೆ ತಿರುಗಿ, ‘ಈಗ ಇವನ ಹತ್ರ ಯಾರು ಹೋಗ್ತೀರಿ?’ ಎಂದು ಕೇಳುತ್ತಾನೆ. ಬ್ರೆಜಿಲ್‌ನ ಅಗಸ್ಟೊ ಬೋಲ್ ರೂಪಿಸಿದ ಫೋರಂ ಥಿಯೇಟರ್ ಪದ್ಧತಿ ಇದು. 1985ರಲ್ಲಿ ಹುಟ್ಟಿದ ‘ಜನ ಸಂಸ್ಕೃತಿ’ ತಂಡ ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಬಹುಕಾಲದಿಂದ ಇದನ್ನು ನಡೆಸಿಕೊಂಡು ಬಂದಿದೆ. ಕೂಡ್ಲಿಗಿ ಕಡೆಯ ಒಂದು ಊರಲ್ಲಿ ಹೀಗೆ ಕೇಳಿದಾಗ ಮೊದಲು ಬಂದವರು ಗಂಡಸರು. ‘ಧೈರ್ಯ ತಗೋ, ಗಂಡಸಲ್ಲೇನು’ ಎಂದರು. ಜಗಲಿಯ ಮೇಲಿದ್ದ ನಟ ಇನ್ನಷ್ಟು ಮುದುಡಿದ. ಆಮೇಲೆ ಅಜ್ಜಿಯೊಬ್ಬರು ಸೆರಗು ಸರಿಮಾಡಿಕೊಂಡು ಬಂದು ಅವನ ಪಕ್ಕ ಕೂತರು. ‘ಉಂಡೀಯೇನಪ್ಪಾ?’ ಅಂದರು, ಅಷ್ಟೇ. ನಟ ತಲೆ ಎತ್ತಿದ. ನಾನು ತರಗತಿಯಲ್ಲಿ ಎಷ್ಟು ಹೊತ್ತು ಹೇಳಿದರೂ ಮುಟ್ಟದ್ದು ಆ ಒಂದು ಪ್ರಶ್ನೆಯಿಂದ ಇಡೀ ತಂಡಕ್ಕೆ ಮುಟ್ಟಿತು.

ಬಳ್ಳಾರಿ ಸೀಮೆಯಲ್ಲಿ ಈ ಕೆಲಸ ಮಾಡುವಾಗ ಹುಡುಗರಿಗೆ ಇಲ್ಲಿನ ಚರಿತ್ರೆಯನ್ನೂ ಹೇಳುತ್ತೇನೆ. 1985ರಲ್ಲಿ ನಿಮ್ಹಾನ್ಸ್‌ನವರು ಈ ಜಿಲ್ಲೆಯನ್ನೇ ಆರಿಸಿಕೊಂಡು ಒಂದು ಪ್ರಯೋಗ ನಡೆಸಿದರು. ಮನೋವೈದ್ಯರೇ ಇಲ್ಲದ ತಾಲ್ಲೂಕುಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಕಾಯಿಲೆಯ ಲಕ್ಷಣ ಗುರುತಿಸುವುದು, ವೈದ್ಯರ ಬಳಿಗೆ ಕಳಿಸುವುದು, ಮಾತ್ರೆ ಬಿಡದಂತೆ ನೋಡಿಕೊಳ್ಳುವುದು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಇದರ ಆಧಾರದ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಅಂದಿನ ಕಾರ್ಯಕರ್ತರು ಮನೋವೈದ್ಯರಾಗಲಿಲ್ಲ. ತಮ್ಮ ಕೆಲಸ ಎಲ್ಲಿಯವರೆಗೆ, ಅಲ್ಲಿಂದಾಚೆ ಯಾರದು ಎಂಬುದು ಅವರಿಗೆ ಖಚಿತವಾಗಿತ್ತು. ಕಲಾವಿದರಿಗೂ ಬೇಕಾದ್ದು ಆ ಖಚಿತತೆ ಎಂದು ನಾನು ಬಲವಾಗಿ ನಂಬಿದ್ದೇನೆ.

ಆದ್ದರಿಂದ ತಾಲೀಮಿಗೆ ಮುಂಚೆ ಅವರನ್ನು ಆಸ್ಪತ್ರೆಗೆ ಕಳಿಸುತ್ತೇನೆ. ಹೊರರೋಗಿಗಳ ಸಾಲಿನ ಪಕ್ಕದ ಬೆಂಚಿನ ಮೇಲೆ ಕೂರುವುದು, ಆಶಾ ಕಾರ್ಯಕರ್ತೆಯ ಹಿಂದೆ ಓಣಿ ತಿರುಗುವುದು. ಆಶಾ ಅಕ್ಕಂದಿರು ಬಾಣಂತಿಯ ತೂಕ ಕೇಳುತ್ತ ಕೇಳುತ್ತ ಅವಳ ನಿದ್ದೆಯ ವಿಷಯಕ್ಕೆ ಬರುವ ರೀತಿ ನೋಡಬೇಕು. ಯಾವ ಪಠ್ಯದಲ್ಲೂ ಸಿಗದ ಸಂಭಾಷಣಾ ಕಲೆ ಅದು.

ಅಲ್ಲಿಂದ ಬಂದ ಮೇಲೆ ‘ಹುಚ್ಚನ ಪಾತ್ರ’ದ ಮಾತು ಬರುತ್ತದೆ. ಹರಿದ ಅಂಗಿ, ಕೆದರಿದ ಕೂದಲು, ಜನ ನಕ್ಕು ಚಪ್ಪಾಳೆ ಹೊಡೆಯುವ ನಡಿಗೆ. ಆ ನಗು ಸಿಕ್ಕಮೇಲೆ ನಾಟಕದ ಕೊನೆಯಲ್ಲಿ ‘ಇದೂ ಒಂದು ಕಾಯಿಲೆ, ಚಿಕಿತ್ಸೆ ಇದೆ’ ಎಂದು ಎಷ್ಟು ಗಟ್ಟಿಯಾಗಿ ಕೂಗಿದರೂ ಪ್ರಯೋಜನವಿಲ್ಲ. ಆ ಊರಲ್ಲಿ ಕಾಯಿಲೆಯಿರುವ ಮಗನ ತಾಯಿ ಅಷ್ಟರಲ್ಲಿ ಎದ್ದು ಹೋಗಿರುತ್ತಾಳೆ.

ಮೂರ್ಛೆರೋಗದ ದೃಶ್ಯದಲ್ಲಿ ಮಾತ್ರ ಅಭಿನಯವೇ ನೇರವಾಗಿ ಕೆಲಸಕ್ಕೆ ಬರುತ್ತದೆ. ಇಂದಿಗೂ ಫಿಟ್ಸ್ ಬಂದರೆ ಕೈಗೆ ಕೀಲಿಗೊಂಚಲು, ಕಬ್ಬಿಣ ಹಿಡಿಸುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಹಲ್ಲಿನ ನಡುವೆ ಚಮಚ ತುರುಕುವುದಂತೂ ಅಪಾಯ. ನಟ ಬಿದ್ದಾಗ ಪ್ರೇಕ್ಷಕರನ್ನೇ ಕರೆದು, ಸುತ್ತಲಿನ ಕಲ್ಲು ಸರಿಸುವುದು, ತಲೆಯ ಕೆಳಗೆ ಮಡಿಸಿದ ಟವೆಲ್ ಇಡುವುದು, ಮಗ್ಗುಲಿಗೆ ತಿರುಗಿಸುವುದು, ಹೊತ್ತು ನೋಡುವುದು ಇಷ್ಟನ್ನೂ ಮಾಡಿಸುತ್ತೇವೆ. ಐದು ನಿಮಿಷ ದಾಟಿದರೆ ಆಂಬುಲೆನ್ಸ್‌ಗೆ ಕರೆ. ಭಾಷಣದಲ್ಲಿ ಕೇಳಿದ್ದು ಮರೆತೀತು, ಕೈಯಾರೆ ಮಾಡಿದ್ದು ಹಾಗೆ ಮರೆಯುವುದಿಲ್ಲ.

ಕಲಿಸಲು ಅತಿ ಕಷ್ಟವಾದದ್ದು ಗುಟ್ಟು ಕಾಯುವುದು. ಕಲಾವಿದರಿಗೆ ಒಳ್ಳೆಯ ಕಥೆ ಕಿವಿಗೆ ಬಿತ್ತೆಂದರೆ ರಂಗದ ಮೇಲೆ ತರುವ ಆಸೆ. ಒಬ್ಬಳು ಹೇಳಿಕೊಂಡ ದುಃಖವನ್ನು ಹೆಸರು ಬದಲಿಸಿ ಆಡಿದರೂ ಸಣ್ಣ ಊರಿನಲ್ಲಿ ಅದು ಯಾರ ಮನೆಯದೆಂದು ಮೊದಲ ಮಾತಿಗೇ ಗೊತ್ತಾಗುತ್ತದೆ. ಒಂದು ಊರಲ್ಲಿ ಕೇಳಿದ್ದನ್ನು ಆ ಊರಲ್ಲಾಗಲಿ ಪಕ್ಕದ ಊರಲ್ಲಾಗಲಿ ಆಡುವಂತಿಲ್ಲ ಎಂಬುದು ನಮ್ಮ ನಿಯಮ. ಹೇಳಿದವರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಆಡುವಂತಿಲ್ಲ.

ಇನ್ನು ನಾಟಕ ಮುಗಿದು ಜನ ಚದುರಿದ ಮೇಲಿನ ಹೊತ್ತು. ಜಮಖಾನೆ ಮಡಿಸುತ್ತಿರುವಾಗ ಒಬ್ಬರು ಹಿಂದೆಯೇ ಉಳಿದಿರುತ್ತಾರೆ. ‘ನಿಮ್ಮ ಜೊತೆ ಒಂದು ಮಾತಿತ್ತು’ ಎನ್ನುತ್ತಾರೆ. ನಾನು ತರಬೇತಿ ಕೊಡುವುದೇ ಮುಖ್ಯವಾಗಿ ಈ ಗಳಿಗೆಗಾಗಿ. ಪಕ್ಕಕ್ಕೆ ಕರೆದು ಕೂರಿಸಿ, ಕೇಳಿ, ಅಡ್ಡ ಬಾಯಿ ಹಾಕಬೇಡಿ. ‘ಎಲ್ಲಾ ಸರಿಹೋಗ್ತದೆ’ ಎಂಬ ಭರವಸೆ ನಿಮ್ಮ ಕೈಯಲ್ಲಿಲ್ಲ, ಕೊಡಬೇಡಿ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ತಲೆಗೆ ಆ ಯೋಚನೆ ಹೊಕ್ಕುತ್ತದೆ ಎಂಬುದು ತಪ್ಪು ನಂಬಿಕೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಟ್ಟು ವ್ಯಾನ್ ಹತ್ತಬೇಡಿ. ಆಶಾ ಅಕ್ಕನಿಗೆ, ವೈದ್ಯರಿಗೆ ಒಪ್ಪಿಸುವವರೆಗೆ ಜೊತೆಗಿರಿ. ಅಲ್ಲಿಯೇ 14416ಕ್ಕೆ ಕರೆ ಮಾಡಿಸಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ ಅದು, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇಪ್ಪತ್ತೆರಡರ ಹುಡುಗಿ ಇಂಥ ಮಾತು ಕೇಳಿಬಂದ ರಾತ್ರಿ ಹಾಗೇ ಮಲಗಲಾರಳು. ಅವಳ ಮನೆಯಲ್ಲೂ ಅಂಥದೇ ಒಂದು ನೋವಿರಬಹುದು. ಹಾಗಾಗಿ ಪ್ರದರ್ಶನದ ದಿನ ಎಷ್ಟೇ ಹೊತ್ತಾದರೂ ತಂಡ ಒಟ್ಟಿಗೆ ಉಂಡು, ಒಬ್ಬೊಬ್ಬರೂ ತಮಗೆ ಏನನ್ನಿಸಿತೆಂದು ಹೇಳಿಕೊಂಡೇ ಮಲಗುವುದು. ತಿಂಗಳಿಗೊಮ್ಮೆ ಆಪ್ತಸಮಾಲೋಚಕರೊಬ್ಬರು ಬರುತ್ತಾರೆ. ಈ ಎರಡೂ ಇಲ್ಲದೆ ಎಳೆಯ ಕಲಾವಿದರನ್ನು ಇಂಥ ಕೆಲಸಕ್ಕೆ ದೂಡುವುದು ಅನ್ಯಾಯ.

ಕಲೆಯ ಪಾತ್ರ ಸಂದೇಶ ಮುಟ್ಟಿಸುವುದಷ್ಟೇ ಅಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮೋರಿಸ್ ನೃತ್ಯ ತಂಡ 2001ರಲ್ಲಿ ಪಾರ್ಕಿನ್ಸನ್ ಕಾಯಿಲೆಯವರಿಗಾಗಿ ನೃತ್ಯ ತರಗತಿ ಆರಂಭಿಸಿತು. ಆಮೇಲೆ ಬೇರೆ ಬೇರೆ ದೇಶಗಳ ನೃತ್ಯಗಾರರಿಗೆ ಆ ಪಾಠ ಮಾಡುವ ತರಬೇತಿಯನ್ನೂ ಕೊಡತೊಡಗಿತು. ಕಲೆಗೂ ಆರೋಗ್ಯಕ್ಕೂ ಇರುವ ನಂಟಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ ತಂದ ವರದಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿತ್ತು. ನಮ್ಮಲ್ಲಿ ಸೋಬಾನೆ, ಬೀಸುವ ಪದ ಬಲ್ಲ ಅಜ್ಜಿಯರು ವಾರಕ್ಕೊಮ್ಮೆ ಅಂಗನವಾಡಿಯಲ್ಲಿ ಸೇರಿ ಹಾಡುತ್ತಾರೆ. ಅಲ್ಲಿ ನಮ್ಮ ಹುಡುಗರು ಹಾಡುವುದಿಲ್ಲ, ತಾಳ ಹಾಕುತ್ತಾರೆ. ಯಾರಾದರೂ ಎರಡು ವಾರ ಬರದಿದ್ದರೆ ಮನೆಗೆ ಹೋಗಿ ವಿಚಾರಿಸುತ್ತಾರೆ.

ಈ ಕೆಲಸಕ್ಕೆ ದುಡ್ಡು ಬರುವ ಬಗೆ ಬದಲಾಗಲೇಬೇಕು. ಜಾಗೃತಿ ನಾಟಕಗಳಿಗೆ ಅನುದಾನ ಸಿಗುವುದು ಪ್ರದರ್ಶನಗಳ ಲೆಕ್ಕದಲ್ಲಿ: ಇಷ್ಟು ಊರು, ಇಷ್ಟು ಫೋಟೊ, ಪಂಚಾಯಿತಿಯವರ ಸಹಿ. ದಿನಕ್ಕೆ ಮೂರು ಊರು ಮುಗಿಸಬೇಕಾದ ತಂಡ ಹಿಂದೆ ಉಳಿದವರ ಮಾತು ಯಾವಾಗ ಕೇಳೀತು? ನಾನು ಕೇಳುವುದು ಇಷ್ಟು. ಊರುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ, ಪ್ರತಿ ಊರಿಗೆ ಎರಡು ಭೇಟಿ ಕಡ್ಡಾಯ ಮಾಡಿ. ಎರಡನೆಯ ಭೇಟಿಯ ದಿನಕ್ಕೂ ಪೂರ್ತಿ ಸಂಭಾವನೆ ಕೊಡಿ. ಆವತ್ತು ನಾಟಕ ಇರುವುದಿಲ್ಲ. ಆಶಾ ಕಾರ್ಯಕರ್ತೆಯ ಜೊತೆ ಓಣಿಯಲ್ಲಿ ನಡೆದು, ಮೊದಲ ಸಲ ಮಾತಾಡಿದವರು ಆಸ್ಪತ್ರೆಗೆ ಹೋದರೇ, ಮಾತ್ರೆ ಸಿಕ್ಕಿತೇ ಎಂದು ಕೇಳಿಬರುವುದಿರುತ್ತದೆ.